ವೆಸ್ ಹಾಲ್‌ರನ್ನು ನಂಬಿದ ನಾಯಕ ವೊರೆಲ್

ಬಾರ್ಬಡೋಸ್‌ನಲ್ಲಿ 1924ರಲ್ಲಿ ಜನಿಸಿದ ಫ್ರಾಂಕ್ ವೊರೆಲ್, ಇಡೀ ಸರಣಿಗೆ ವೆಸ್ಟ್ ಇಂಡೀಸ್ ನಾಯಕತ್ವ ಪಡೆದ ಮೊದಲ ಕಪ್ಪುವರ್ಣೀಯ ಆಟಗಾರ.

1960ರ ಡಿಸೆಂಬರ್, ಬ್ರಿಸ್ಬೇನ್ ಟೆಸ್ಟ್‌ನ ಕೊನೆಯ ಓವರ್. ಆಗ ಅಲ್ಲಿ ಓವರಿಗೆ ಎಂಟು ಎಸೆತ. ಆಸ್ಟ್ರೇಲಿಯಾಕ್ಕೆ ಬೇಕಿದ್ದುದು ಆರೇ ರನ್, ಉಳಿದಿದ್ದುದು ಮೂರು ವಿಕೆಟ್. ವೊರೆಲ್ ಚೆಂಡನ್ನು ಕೊಟ್ಟದ್ದು ದಣಿದಿದ್ದ ವೇಗಿ ವೆಸ್ ಹಾಲ್ ಕೈಗೆ. ಐದು ರನ್ ಬಂದವು, ಮೂರೂ ವಿಕೆಟ್ ಉರುಳಿದವು. ಅವುಗಳಲ್ಲಿ ಎರಡು ರನೌಟ್. ಟೆಸ್ಟ್ ಇತಿಹಾಸದ ಮೊದಲ ಟೈ ಅದು.

1963ರ ಲಾರ್ಡ್ಸ್ ಟೆಸ್ಟ್‌ನ ಅಂತಿಮ ದಿನ ಹಾಲ್ ಮೂರು ಗಂಟೆ 20 ನಿಮಿಷ ಒಂದೇ ಸಮನೆ ಬೌಲ್ ಮಾಡಿದರು. ಪಂದ್ಯ ಡ್ರಾ ಆಯಿತು. ಬೌಲರ್‌ಗೆ ನಾಲ್ಕೇ ಓವರ್ ಸಿಗುವ ಟಿ20 ಕಾಲದಲ್ಲಿ ಇದು ನಿರ್ದಯವೆನಿಸೀತು.

ನಿರ್ದಯಿಯಾಗಿರಲಿಲ್ಲ ವೊರೆಲ್. 1962ರಲ್ಲಿ ಚಾರ್ಲಿ ಗ್ರಿಫಿತ್ ಎಸೆತ ತಲೆಗೆ ಬಡಿದು ಸಾವಿನಂಚಿಗೆ ಸರಿದಿದ್ದ ಭಾರತದ ನಾಯಕ ನಾರಿ ಕಾಂಟ್ರಾಕ್ಟರ್‌ಗೆ ರಕ್ತ ನೀಡಿದವರಲ್ಲಿ ಅವರೂ ಒಬ್ಬರು. 1967ರಲ್ಲಿ, 42ನೇ ವಯಸ್ಸಿನಲ್ಲಿ, ರಕ್ತದ ಕ್ಯಾನ್ಸರ್‌ನಿಂದ ನಿಧನರಾದರು.