ವುಡ್ರೊ ವಿಲ್ಸನ್

ಥಾಮಸ್ ವುಡ್ರೊ ವಿಲ್ಸನ್ (೨೮ ಡಿಸೆಂಬರ್ ೧೮೫೬ – ೩ ಫೆಬ್ರುವರಿ ೧೯೨೪) ಅಮೆರಿಕ ಸಂಯುಕ್ತ ಸಂಸ್ಥಾನದ ೨೮ನೆಯ ಅಧ್ಯಕ್ಷ. ರಾಜ್ಯಶಾಸ್ತ್ರಜ್ಞ ಹಾಗೂ ಪ್ರಾಧ್ಯಾಪಕ. ೧೯೧೩ರಿಂದ ೧೯೨೧ರ ವರೆಗೆ ಎರಡು ಅವಧಿಗೆ ಅಧ್ಯಕ್ಷನಾಗಿದ್ದ. ಮೊದಲನೆಯ ಮಹಾಯುದ್ಧದ ಅನಂತರ ರಾಷ್ಟ್ರಸಂಘದ (ಲೀಗ್ ಆಫ್ ನೇಷನ್ಸ್) ಸ್ಥಾಪನೆಗೆ ಕಾರಣನಾದವರಲ್ಲಿ ಈತ ಪ್ರಮುಖ. ಅಧಿಕಾರದ ಕೊನೆಯ ಹದಿನೇಳು ತಿಂಗಳು ಪಾರ್ಶ್ವವಾಯು ಪೀಡಿತನಾಗಿದ್ದ ಈತ ಅಧ್ಯಕ್ಷ ಪದವಿಯ ಹೊಣೆಯನ್ನು ಹೊರಲು ದೈಹಿಕವಾಗಿ, ಮಾನಸಿಕವಾಗಿ ಸಮರ್ಥನಾಗಿದ್ದನೇ ಎಂಬ ವಿವಾದ ಅಂದು ಸೆನೆಟ್‌ನಲ್ಲೂ ಪತ್ರಿಕೆಗಳಲ್ಲೂ ಎದ್ದಿತು. ಆ ವಿವಾದ ಇತಿಹಾಸಕಾರರ ನಡುವೆ ಇಂದಿಗೂ ಮುಗಿದಿಲ್ಲ.

ಆರಂಭಿಕ ಜೀವನ

ವಿಲ್ಸನ್ ಜನಿಸಿದ್ದು ವರ್ಜೀನಿಯದ ಸ್ಟಾಂಟನ್ ಪಟ್ಟಣದಲ್ಲಿ. ತಂದೆ ಜೋಸೆಫ್ ರಗಲ್ಸ್ ವಿಲ್ಸನ್ ಪ್ರೆಸ್ಬಿಟೇರಿಯನ್ ಪಂಥದ ಪಾದ್ರಿ. ಬಾಲ್ಯ ಕಳೆದದ್ದು ಜಾರ್ಜಿಯದ ಆಗಸ್ಟ ಮತ್ತು ದಕ್ಷಿಣ ಕ್ಯಾರೊಲಿನದ ಕೊಲಂಬಿಯಗಳಲ್ಲಿ. ಅಂತರ್ಯುದ್ಧದ ಪರಿಣಾಮಗಳನ್ನು ಹುಡುಗನಾಗಿ ಕಣ್ಣಾರೆ ಕಂಡ. ಓದಲು ಕಲಿತದ್ದು ತಡವಾಗಿ. ೧೮೭೯ರಲ್ಲಿ ಪ್ರಿನ್ಸ್‌ಟನ್‌ನಿಂದ ಪದವಿ ಪಡೆದ. ಕೆಲಕಾಲ ಅಟ್ಲಾಂಟದಲ್ಲಿ ವಕೀಲಿ ನಡೆಸಿ, ಅದರಲ್ಲಿ ಆಸಕ್ತಿ ಮೂಡದೆ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಸೇರಿ ೧೮೮೬ರಲ್ಲಿ ಡಾಕ್ಟರೇಟ್ ಗಳಿಸಿದ. ಅಮೆರಿಕದ ಶಾಸಕಾಂಗ ವ್ಯವಸ್ಥೆಯನ್ನು ವಿಮರ್ಶಿಸುವ ಈತನ ಮೊದಲ ಗ್ರಂಥ ಪ್ರಕಟವಾದದ್ದು ೧೮೮೫ರಲ್ಲಿ. ಅದೇ ವರ್ಷ ಎಲೆನ್ ಆಕ್ಸನ್‌ಳೊಡನೆ ವಿವಾಹವಾಯಿತು. ಈ ದಂಪತಿಗಳಿಗೆ ಮೂವರು ಹೆಣ್ಣುಮಕ್ಕಳು.

೧೮೯೦ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಪ್ರಾಧ್ಯಾಪಕನಾಗಿ ೧೯೦೨ರಲ್ಲಿ ಆ ವಿಶ್ವವಿದ್ಯಾಲಯದ ಅಧ್ಯಕ್ಷನಾದ. ೧೯೦೬ರ ಮೇ ತಿಂಗಳ ಒಂದು ಬೆಳಗ್ಗೆ ಎದ್ದಾಗ ಎಡಗಣ್ಣಿನ ದೃಷ್ಟಿ ಬಹುಮಟ್ಟಿಗೆ ಹೋಗಿತ್ತು. ಕೆಲವು ವಾರಗಳ ವಿಶ್ರಾಂತಿಯ ಅನಂತರ ಕೆಲಸಕ್ಕೆ ಮರಳಿದರೂ ಆ ಕಣ್ಣು ಪೂರ್ತಿಯಾಗಿ ಸರಿಹೋಗಲಿಲ್ಲ. ಮುಂದಿನ ವಿವಾದದಲ್ಲಿ ಈ ಘಟನೆಗೆ ಮಹತ್ತ್ವ ಬಂದಿತು.

ರಾಜಕೀಯ

೧೯೧೦ರ ಚುನಾವಣೆಯಲ್ಲಿ ನ್ಯೂಜೆರ್ಸಿಯ ಗವರ್ನರ್ ಆಗಿ ಆಯ್ಕೆಯಾದ. ಎರಡೇ ವರ್ಷದಲ್ಲಿ, ರಿಪಬ್ಲಿಕನ್ ಪಕ್ಷ ಟ್ಯಾಫ್ಟ್ ಮತ್ತು ಥಿಯೊಡೋರ್ ರೂಸ್ವೆಲ್ಟರ ನಡುವೆ ಒಡೆದುಹೋದ ಸಂದರ್ಭದಲ್ಲಿ, ಡೆಮೊಕ್ರಾಟಿಕ್ ಅಭ್ಯರ್ಥಿಯಾಗಿ ರಾಷ್ಟ್ರದ ಅಧ್ಯಕ್ಷ ಪದವಿಗೇರಿದ. ೧೯೧೩ರ ಫೆಡರಲ್ ರಿಸರ್ವ್ ಕಾಯಿದೆ ಈತನ ಮೊದಲ ಅವಧಿಯ ದೊಡ್ಡ ಸಾಧನೆ. ಆದರೆ ಸರ್ಕಾರಿ ಕಚೇರಿಗಳಲ್ಲಿ ಕಪ್ಪು ನೌಕರರನ್ನು ಬೇರ್ಪಡಿಸುವ ಪದ್ಧತಿ ವ್ಯಾಪಿಸಿದ್ದೂ ಈತನ ಆಡಳಿತದಲ್ಲಿಯೇ. ಆ ಕಳಂಕ ಈತನ ಹೆಸರಿಗೆ ಅಂಟಿಕೊಂಡಿದೆ.

೧೯೧೪ರ ಆಗಸ್ಟ್‌ನಲ್ಲಿ ಪತ್ನಿ ತೀರಿಕೊಂಡಳು. ೧೯೧೫ರ ಡಿಸೆಂಬರ್‌ನಲ್ಲಿ ಈಡಿತ್ ಬೋಲಿಂಗ್ ಗಾಲ್ಟ್ ಎಂಬ ವಿಧವೆಯನ್ನು ವಿಲ್ಸನ್ ವಿವಾಹವಾದ. ೧೯೧೬ರಲ್ಲಿ ಅಲ್ಪ ಅಂತರದಿಂದ ಪುನರಾಯ್ಕೆಯಾದ. ೧೯೧೭ರ ಏಪ್ರಿಲ್‌ನಲ್ಲಿ ಅಮೆರಿಕ ಯುದ್ಧಕ್ಕಿಳಿಯಿತು. ೧೯೧೮ರ ಜನವರಿಯಲ್ಲಿ ಮಂಡಿಸಿದ ಹದಿನಾಲ್ಕು ಅಂಶಗಳ ಶಾಂತಿಸೂತ್ರ ಲೋಕದ ಅಧೀನ ರಾಷ್ಟ್ರಗಳಲ್ಲೆಲ್ಲ ಆಸೆ ಹುಟ್ಟಿಸಿತು. ಅದಕ್ಕೂ ಮುನ್ನವೇ, ೧೯೧೭ರಲ್ಲಿ, ಮದರಾಸಿನ ಎಸ್. ಸುಬ್ರಹ್ಮಣ್ಯ ಅಯ್ಯರ್ ಭಾರತದ ಸ್ವರಾಜ್ಯದ ಬೇಡಿಕೆಯನ್ನು ವಿವರಿಸಿ ವಿಲ್ಸನ್‌ಗೆ ಪತ್ರ ಬರೆದಿದ್ದರು. ಆ ಪತ್ರ ಬ್ರಿಟಿಷ್ ಸರ್ಕಾರದ ಕೋಪಕ್ಕೆ ಕಾರಣವಾಗಿ, ಅವರು ತಮ್ಮ ಸರ್ ಪದವಿಯನ್ನು ತ್ಯಜಿಸಿದರು.

ಪ್ಯಾರಿಸ್ಸಿನ ಶಾಂತಿ ಸಮ್ಮೇಳನದಲ್ಲಿ ವಿಲ್ಸನ್ ತಿಂಗಳುಗಟ್ಟಲೆ ಸ್ವತಃ ಭಾಗವಹಿಸಿದ. ೧೯೧೯ರ ಏಪ್ರಿಲ್‌ನಲ್ಲಿ ಅಲ್ಲಿಯೇ ತೀವ್ರ ಜ್ವರದಿಂದ ಹಾಸಿಗೆ ಹಿಡಿದ. ಜೂನ್ ೨೮ರಂದು ವರ್ಸೇಲ್ಸ್ ಒಪ್ಪಂದಕ್ಕೆ ಸಹಿಯಾಯಿತು. ಆದರೆ ಅದನ್ನು ಅಂಗೀಕರಿಸಬೇಕಾಗಿದ್ದ ಸೆನೆಟ್‌ನಲ್ಲಿ ರಿಪಬ್ಲಿಕನ್ನರದೇ ಬಹುಮತ. ವಿದೇಶಾಂಗ ಸಮಿತಿಯ ಅಧ್ಯಕ್ಷ ಹೆನ್ರಿ ಕ್ಯಾಬಟ್ ಲಾಜ್ ತಿದ್ದುಪಡಿಗಳಿಲ್ಲದೆ ಒಪ್ಪುವುದಿಲ್ಲವೆಂದು ಪಟ್ಟುಹಿಡಿದ.

ಅನಾರೋಗ್ಯ

ಸೆನೆಟ್ಟನ್ನು ಒಲಿಸಲಾರದೆ ಜನರ ಬಳಿಗೇ ಹೋಗಲು ವಿಲ್ಸನ್ ನಿರ್ಧರಿಸಿದ. ವೈದ್ಯ ಕ್ಯಾರಿ ಗ್ರೇಸನ್ ಬೇಡವೆಂದರೂ ಕೇಳದೆ ೧೯೧೯ರ ಸೆಪ್ಟೆಂಬರ್ ೩ರಂದು ರೈಲುಪ್ರವಾಸ ಹೊರಟ. ಸುಮಾರು ೮,೦೦೦ ಮೈಲಿಗಳ ಈ ಪ್ರವಾಸದುದ್ದಕ್ಕೂ ವಿಪರೀತ ತಲೆನೋವು ಕಾಡಿತು. ಸೆಪ್ಟೆಂಬರ್ ೨೫ರಂದು ಕೊಲೊರಾಡೋದ ಪ್ವೆಬ್ಲೋದಲ್ಲಿ ಭಾಷಣ ಮಾಡಿದ ರಾತ್ರಿಯೇ ಆರೋಗ್ಯ ಕುಸಿಯಿತು. ಉಳಿದ ಸಭೆಗಳನ್ನು ರದ್ದುಪಡಿಸಿ ರೈಲನ್ನು ವಾಷಿಂಗ್ಟನ್ನಿಗೆ ತಿರುಗಿಸಲಾಯಿತು. ಅಕ್ಟೋಬರ್ ೨ರಂದು ಶ್ವೇತಭವನದಲ್ಲಿ ತೀವ್ರ ಪಾರ್ಶ್ವವಾಯು ಬಡಿದು ದೇಹದ ಎಡಭಾಗ ನಿಶ್ಚೇಷ್ಟವಾಯಿತು. ಆಗ ಈತನಿಗೆ ೬೨ ವರ್ಷ. ಎರಡು ವಾರಗಳ ಬಳಿಕ ಮೂತ್ರಬಂಧ ಉಂಟಾಗಿ ಪ್ರಾಣಕ್ಕೇ ಅಪಾಯ ಎದುರಾಗಿತ್ತು.

ಹೊರಗೆ ಹೊರಡಿಸಿದ ಪ್ರಕಟಣೆಗಳಲ್ಲಿ ಪಾರ್ಶ್ವವಾಯು ಎಂಬ ಶಬ್ದವೇ ಇರಲಿಲ್ಲ. ನರಗಳ ಬಳಲಿಕೆ, ವಿಶ್ರಾಂತಿ ಅಗತ್ಯ ಎಂದಷ್ಟೇ ತಿಳಿಸಲಾಯಿತು. ರೋಗಿಯ ಕೋಣೆಗೆ ಪ್ರವೇಶವಿದ್ದದ್ದು ಈಡಿತ್, ಗ್ರೇಸನ್ ಮತ್ತು ಕೆಲವೇ ಆಪ್ತರಿಗೆ. ಸಚಿವರ ಕಡತಗಳು ಈಡಿತ್‌ಳ ಕೈಗೆ ಬರುತ್ತಿದ್ದವು. ಯಾವುದನ್ನು ಗಂಡನ ಮುಂದಿಡಬೇಕು, ಯಾವುದನ್ನು ತಡೆಹಿಡಿಯಬೇಕು ಎಂಬುದನ್ನು ಆಕೆಯೇ ನಿರ್ಣಯಿಸುತ್ತಿದ್ದಳು. ಹಲವು ಪತ್ರಗಳಿಗೆ ಉತ್ತರವೇ ಹೋಗಲಿಲ್ಲ. ಕೆಲವಕ್ಕೆ ಆಕೆಯ ಕೈಬರಹದಲ್ಲಿ ಅಂಚಿನ ಟಿಪ್ಪಣಿ ಬರುತ್ತಿತ್ತು. ಬ್ರಿಟನ್ನಿನ ವಿಶೇಷ ರಾಯಭಾರಿಯಾಗಿ ಬಂದಿದ್ದ ವೈಕೌಂಟ್ ಗ್ರೇ ತಿಂಗಳುಗಟ್ಟಲೆ ಕಾದು, ಅಧ್ಯಕ್ಷನ ಮುಖವನ್ನೇ ನೋಡದೆ ಹಿಂದಿರುಗಿದ. ತಾನು ಯಾವ ರಾಜಕೀಯ ತೀರ್ಮಾನವನ್ನೂ ಕೈಗೊಂಡಿಲ್ಲವೆಂದು ಈಡಿತ್ ೧೯೩೯ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಸಮರ್ಥಿಸಿಕೊಂಡಳು. ಆದರೆ ಯಾವ ವಿಷಯ ಅಧ್ಯಕ್ಷನನ್ನು ತಲುಪಬೇಕೆಂದು ಆರಿಸುವುದೇ ದೊಡ್ಡ ರಾಜಕೀಯ ತೀರ್ಮಾನವಲ್ಲವೇ ಎಂಬ ಪ್ರಶ್ನೆಗೆ ಆ ಸಮರ್ಥನೆಯಲ್ಲಿ ಉತ್ತರವಿಲ್ಲ.

ಸಾಮರ್ಥ್ಯದ ಕುರಿತ ವಿವಾದ

ಅಧ್ಯಕ್ಷ ಅಸಮರ್ಥನಾದರೆ ಅಧಿಕಾರ ಉಪಾಧ್ಯಕ್ಷನಿಗೆ ಸಲ್ಲಬೇಕೆಂದು ಸಂವಿಧಾನದ ಎರಡನೆಯ ವಿಧಿ ಹೇಳುತ್ತಿತ್ತು. ಅಸಮರ್ಥತೆ ಎಂದರೇನು, ಅದನ್ನು ಘೋಷಿಸಬೇಕಾದವರು ಯಾರು ಎಂಬುದನ್ನು ಹೇಳಿರಲಿಲ್ಲ. ೧೮೮೧ರಲ್ಲಿ ಗುಂಡೇಟು ತಿಂದ ಅಧ್ಯಕ್ಷ ಗಾರ್‌ಫೀಲ್ಡ್ ೭೯ ದಿನ ಹಾಸಿಗೆಯಲ್ಲಿ ನರಳಿ ಸತ್ತಾಗಲೂ ಉಪಾಧ್ಯಕ್ಷ ಆರ್ಥರ್ ಆ ಅವಧಿಯಲ್ಲಿ ಅಧಿಕಾರ ವಹಿಸಿಕೊಂಡಿರಲಿಲ್ಲ. ಆ ಪೂರ್ವನಿದರ್ಶನವೇ ಈಗ ಎಲ್ಲರ ಕೈ ಕಟ್ಟಿಹಾಕಿತು.

ವಿದೇಶಾಂಗ ಸಚಿವ ರಾಬರ್ಟ್ ಲ್ಯಾನ್ಸಿಂಗ್ ಮೊದಲ ದಿನಗಳಲ್ಲಿಯೇ ಈ ವಿಧಿಯನ್ನು ಅಧ್ಯಕ್ಷನ ಕಾರ್ಯದರ್ಶಿ ಜೋಸೆಫ್ ಟಮಲ್ಟಿಯ ಗಮನಕ್ಕೆ ತಂದ. ಅಧ್ಯಕ್ಷ ಅಸಮರ್ಥನೆಂದು ಪ್ರಮಾಣೀಕರಿಸಲು ಟಮಲ್ಟಿಯೂ ಗ್ರೇಸನ್ನನೂ ಒಪ್ಪಲಿಲ್ಲ. ಉಪಾಧ್ಯಕ್ಷ ಥಾಮಸ್ ಮಾರ್ಷಲ್‌ಗೆ ಪರಿಸ್ಥಿತಿಯ ಗಂಭೀರತೆ ತಿಳಿದದ್ದು ಅಧಿಕೃತವಾಗಿ ಅಲ್ಲ, ಒಬ್ಬ ಪತ್ರಕರ್ತನ ಮೂಲಕ. ಅಧಿಕಾರ ಕಸಿದುಕೊಂಡವನೆಂಬ ಅಪವಾದಕ್ಕೆ ಹೆದರಿದ ಮಾರ್ಷಲ್ ಮುಂದೆ ಬರಲಿಲ್ಲ. ಇದು ವಿವೇಕವೋ ಪುಕ್ಕಲುತನವೋ ಎಂಬ ವಿಷಯದಲ್ಲಿ ಭಿನ್ನಾಭಿಪ್ರಾಯವಿದೆ.

ಸತ್ಯ ಹೊರಬೀಳದ ಕಡೆ ವದಂತಿ ಬೆಳೆಯಿತು. ಅಧ್ಯಕ್ಷನ ಮಿದುಳಿಗೆ ಪೆಟ್ಟಾಗಿದೆ ಎಂದು ನ್ಯೂ ಹ್ಯಾಂಪ್‌ಷೈರ್‌ನ ಸೆನೆಟರ್ ಜಾರ್ಜ್ ಮೋಸೆಸ್ ಬರೆದ ಪತ್ರ ಅಕ್ಟೋಬರ್‌ನಲ್ಲಿಯೇ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ಶ್ವೇತಭವನದ ಕಿಟಕಿಗೆ ಸರಳು ಹಾಕಿರುವುದು ಹುಚ್ಚು ಹಿಡಿದ ಅಧ್ಯಕ್ಷನನ್ನು ಕೂಡಿಹಾಕಲೆಂದೇ ಎಂಬ ಮಾತೂ ಹರಡಿತು. ವಾಸ್ತವವಾಗಿ ಆ ಸರಳುಗಳು ಥಿಯೊಡೋರ್ ರೂಸ್ವೆಲ್ಟನ ಕಾಲದವು. ಅವನ ಮಕ್ಕಳ ಚೆಂಡು ತಗುಲಿ ಗಾಜು ಒಡೆಯದಿರಲೆಂದು ಹಾಕಿಸಿದ್ದವು. ಅಕ್ಟೋಬರ್ ೨೭ರಂದು ಪಾನನಿರೋಧ ಜಾರಿಗೆ ಸಂಬಂಧಿಸಿದ ವೋಲ್‌ಸ್ಟೆಡ್ ಮಸೂದೆಯನ್ನು ತಿರಸ್ಕರಿಸುವ ಸಂದೇಶ ಶ್ವೇತಭವನದಿಂದ ಹೊರಟಾಗ ಅದನ್ನು ಬರೆದವರು ಯಾರೆಂಬ ಅನುಮಾನ ಹುಟ್ಟಿತು. ಕಾಂಗ್ರೆಸ್ ಆ ತಿರಸ್ಕಾರವನ್ನು ಕೂಡಲೇ ತಳ್ಳಿಹಾಕಿತು.

ಡಿಸೆಂಬರ್ ೫ರಂದು ಸೆನೆಟ್ ಇಬ್ಬರು ಸದಸ್ಯರನ್ನು ಕಳುಹಿಸಿತು: ರಿಪಬ್ಲಿಕನ್ನನಾದ ಆಲ್ಬರ್ಟ್ ಫಾಲ್, ಡೆಮೊಕ್ರಾಟನಾದ ಗಿಲ್ಬರ್ಟ್ ಹಿಚ್‌ಕಾಕ್. ಮೆಕ್ಸಿಕೊದಲ್ಲಿ ಅಪಹೃತನಾದ ಅಮೆರಿಕದ ಕಾನ್ಸುಲರ್ ಪ್ರತಿನಿಧಿಯ ವಿಷಯ ಚರ್ಚಿಸುವುದು ನೆಪ. ಅಧ್ಯಕ್ಷನ ಮನಸ್ಸು ನೆಟ್ಟಗಿದೆಯೇ ಎಂದು ನೋಡುವುದು ಉದ್ದೇಶ. ಭೇಟಿಗೆ ಕೋಣೆಯನ್ನು ಎಚ್ಚರಿಕೆಯಿಂದ ಅಣಿಗೊಳಿಸಲಾಗಿತ್ತು. ಸ್ವಾಧೀನ ತಪ್ಪಿದ ಎಡಗೈ ಹೊದಿಕೆಯ ಕೆಳಗೆ, ಬೇಕಾದ ಕಾಗದಪತ್ರ ಬಲಗೈಗೆ ಎಟಕುವಂತೆ. ವಿಲ್ಸನ್ ಅತಿಥಿಗಳ ಕೈಕುಲುಕಿ, ಮೆಕ್ಸಿಕೊ ಕುರಿತು ಸ್ಪಷ್ಟವಾಗಿ ಮಾತನಾಡಿದ, ತಮಾಷೆಯನ್ನೂ ಮಾಡಿದ. ಸಂಭಾಷಣೆಯ ನಡುವೆಯೇ ಅಪಹೃತನ ಬಿಡುಗಡೆಯಾದ ಸುದ್ದಿಯನ್ನು ಗ್ರೇಸನ್ ತಂದ. ಹೊರಬಂದ ಫಾಲ್, ಅಧ್ಯಕ್ಷನ ಬುದ್ಧಿ ಚುರುಕಾಗಿದೆಯೆಂದು ಸುದ್ದಿಗಾರರ ಮುಂದೆ ಒಪ್ಪಿಕೊಳ್ಳಬೇಕಾಯಿತು. (ಇದೇ ಫಾಲ್ ಮುಂದೆ ಹಾರ್ಡಿಂಗ್‌ನ ಸಚಿವನಾಗಿ, ಟೀಪಾಟ್ ಡೋಮ್ ಲಂಚದ ಹಗರಣದಲ್ಲಿ ಜೈಲು ಸೇರಿದ.) ಕೆಲವು ನಿಮಿಷಗಳ ಮಾತು ಕಂಡವರಿಗೆ ದಿನವಿಡೀ ಗಮನ ನಿಲ್ಲಿಸಲಾರದ, ಸಣ್ಣದಕ್ಕೂ ಅಳುವ, ಹಟ ಹಿಡಿಯುವ ರೋಗಿ ಕಾಣಲಿಲ್ಲ.

೧೯೨೦ರ ಫೆಬ್ರುವರಿಯಲ್ಲಿ ವಿವಾದ ಮತ್ತೆ ಭುಗಿಲೆದ್ದಿತು. ಚಿಕಿತ್ಸೆಯಲ್ಲಿ ಪಾಲ್ಗೊಂಡಿದ್ದ ಬಾಲ್ಟಿಮೋರಿನ ವೈದ್ಯ ಹ್ಯೂ ಯಂಗ್ ಮಿದುಳಿನ ರಕ್ತನಾಳದ ತೊಂದರೆಯಿಂದ ಎಡಗೈ ಎಡಗಾಲು ದುರ್ಬಲವಾದುದನ್ನು ಪತ್ರಿಕೆಗೆ ತಿಳಿಸಿದ. ಗುಣವಾಗುತ್ತಿದೆ ಎಂದು ಧೈರ್ಯ ಹೇಳುವುದು ಅವನ ಇಂಗಿತವಾಗಿತ್ತು. ಅದೇ ವಾರ ವಿಲ್ಸನ್ ಲ್ಯಾನ್ಸಿಂಗ್‌ನ ರಾಜೀನಾಮೆ ಪಡೆದ. ತನ್ನ ಅನುಮತಿಯಿಲ್ಲದೆ ಸಚಿವ ಸಂಪುಟದ ಸಭೆ ಕರೆದನೆಂಬುದು ಆರೋಪ. ಆದರೆ ಆ ಸಭೆಗಳು ನಾಲ್ಕು ತಿಂಗಳಿಂದ ಬಹಿರಂಗವಾಗಿಯೇ ನಡೆದಿದ್ದವು. ಆಡಳಿತ ನಿಲ್ಲದಂತೆ ನೋಡಿಕೊಂಡದ್ದೇ ಅವು. ಇಂತಹ ಕಾರಣಕ್ಕೆ ಹಿರಿಯ ಸಚಿವನನ್ನು ಕಿತ್ತೊಗೆದದ್ದು, ಫಾಲ್‌ನ ಭೇಟಿ ಶಮನಗೊಳಿಸಿದ್ದ ಸಂಶಯವನ್ನು ಮತ್ತೆ ಕೆರಳಿಸಿತು. ವಿಲ್ಸನ್ ತಾನೇ ಸಂಪುಟ ಸಭೆ ನಡೆಸಿದ್ದು ಏಪ್ರಿಲ್ ತಿಂಗಳಲ್ಲಿ.

ಈ ನಡುವೆ ಒಪ್ಪಂದ ಬಿದ್ದುಹೋಗಿತ್ತು. ೧೯೧೯ರ ನವೆಂಬರ್ ೧೯ರಂದು ಸೆನೆಟ್ ಅದನ್ನು ತಿರಸ್ಕರಿಸಿತು. ೧೯೨೦ರ ಮಾರ್ಚ್ ೧೯ರಂದು ಲಾಜ್‌ನ ಷರತ್ತುಗಳೊಡನೆ ಮತ್ತೆ ಮತಕ್ಕೆ ಬಂದಾಗ ಪರವಾಗಿ ೪೯, ವಿರುದ್ಧವಾಗಿ ೩೫ ಮತ ಬಿದ್ದವು. ಮೂರನೆಯ ಎರಡರಷ್ಟು ಬಹುಮತಕ್ಕೆ ಏಳು ಮತ ಕಡಿಮೆ. ರಾಜಿಗೆ ಒಪ್ಪಬೇಡಿರೆಂದು ವಿಲ್ಸನ್ ತನ್ನ ಪಕ್ಷದವರಿಗೆ ಸೂಚಿಸಿದ್ದ. ಅಮೆರಿಕ ರಾಷ್ಟ್ರಸಂಘವನ್ನು ಸೇರಲೇ ಇಲ್ಲ. ಈ ಹಟ ರೋಗದ ಫಲವೆಂದು ಒಂದು ವರ್ಗದ ಲೇಖಕರ ವಾದ. ಪ್ರಿನ್ಸ್‌ಟನ್‌ನಲ್ಲಿಯೂ ವಿಲ್ಸನ್ ಹೀಗೆಯೇ ಪಟ್ಟುಹಿಡಿದು ಸೋತಿದ್ದನೆಂಬುದು ಇನ್ನೊಂದು ವರ್ಗದ ಉತ್ತರ.

ಕೊನೆಯ ದಿನಗಳು

ಅಷ್ಟಾಗಿಯೂ ಮೂರನೆಯ ಅವಧಿಯ ಆಸೆ ವಿಲ್ಸನ್‌ನನ್ನು ಬಿಡಲಿಲ್ಲ. ಪಕ್ಷ ೧೯೨೦ರಲ್ಲಿ ಜೇಮ್ಸ್ ಕಾಕ್ಸ್‌ನನ್ನು ಆರಿಸಿತು; ರಿಪಬ್ಲಿಕನ್ ಹಾರ್ಡಿಂಗ್ ಭಾರಿ ಬಹುಮತದಿಂದ ಗೆದ್ದ. ೧೯೧೯ರ ಸಾಲಿನ ನೊಬೆಲ್ ಶಾಂತಿ ಪುರಸ್ಕಾರ ೧೯೨೦ರ ಡಿಸೆಂಬರ್‌ನಲ್ಲಿ ವಿಲ್ಸನ್‌ಗೆ ಸಂದಿತು. ನಿವೃತ್ತಿಯ ಬಳಿಕ ವಾಷಿಂಗ್ಟನ್ನಿನ ಎಸ್ ಬೀದಿಯ ಮನೆಯಲ್ಲಿ ವಾಸಿಸಿ, ೧೯೨೪ರ ಫೆಬ್ರುವರಿ ೩ರಂದು ನಿಧನನಾದ. ತನಗಿಂತ ಚಿಕ್ಕವನೂ ಆರೋಗ್ಯವಂತನಂತೆ ಕಂಡವನೂ ಆದ ಹಾರ್ಡಿಂಗ್ ಅದಕ್ಕೆ ಆರು ತಿಂಗಳ ಮೊದಲೇ ತೀರಿಕೊಂಡಿದ್ದ. ವಿಲ್ಸನ್‌ನ ಸಮಾಧಿ ವಾಷಿಂಗ್ಟನ್ನಿನ ರಾಷ್ಟ್ರೀಯ ಕೆಥೆಡ್ರಲ್‌ನಲ್ಲಿದೆ.

ಅನಂತರದ ಚರ್ಚೆ

ಅಧ್ಯಕ್ಷನ ಅಸಮರ್ಥತೆಯನ್ನು ನಿರ್ಧರಿಸುವ ಕ್ರಮವನ್ನು ಸಂವಿಧಾನದಲ್ಲಿ ಸೇರಿಸಿದ್ದು ೧೯೬೭ರಲ್ಲಿ, ೨೫ನೆಯ ತಿದ್ದುಪಡಿಯ ಮೂಲಕ. ಕೆನಡಿಯ ಹತ್ಯೆ ಅದಕ್ಕೆ ತಕ್ಷಣದ ಪ್ರೇರಣೆಯಾದರೂ ಅದರ ಚರ್ಚೆಯಲ್ಲಿ ವಿಲ್ಸನ್‌ನ ಉದಾಹರಣೆ ಪದೇ ಪದೇ ಬಂದಿತು. ಉಪಾಧ್ಯಕ್ಷ ಮತ್ತು ಸಂಪುಟದ ಬಹುಮತ ಸೇರಿ ಅಸಮರ್ಥತೆಯನ್ನು ಘೋಷಿಸಬಹುದು. ಅಧ್ಯಕ್ಷ ಅದನ್ನು ಅಲ್ಲಗಳೆದರೆ ಕಾಂಗ್ರೆಸ್ ತೀರ್ಮಾನಿಸುತ್ತದೆ.

೧೯೮೧ರಲ್ಲಿ ನರವೈದ್ಯ ಎಡ್ವಿನ್ ವೈನ್‌ಸ್ಟೈನ್ ಪ್ರಕಟಿಸಿದ ಗ್ರಂಥವು ೧೯೦೬ರ ಕಣ್ಣಿನ ತೊಂದರೆ ಮುಂತಾದುವನ್ನು ಹಳೆಯ ಪಾರ್ಶ್ವವಾಯುವಿನ ಲಕ್ಷಣಗಳೆಂದು ಗುರುತಿಸಿ, ವಿಲ್ಸನ್‌ನ ಸ್ವಭಾವ ಬದಲಾದದ್ದಕ್ಕೆ ಅವೇ ಕಾರಣವೆಂದು ವಾದಿಸಿತು. ಅಲೆಗ್ಸಾಂಡರ್ ಮತ್ತು ಜೂಲಿಯೆಟ್ ಜಾರ್ಜ್ ದಂಪತಿಗಳೂ ನೇತ್ರತಜ್ಞ ಮೈಕೆಲ್ ಮಾರ್ಮರ್‌ನೂ ಇದನ್ನು ಒಪ್ಪಲಿಲ್ಲ; ಕಣ್ಣಿನೊಳಗಿನ ರಕ್ತಸ್ರಾವವೇ ದೃಷ್ಟಿ ಹೋಗಲು ಸಾಕಾದ ಕಾರಣವೆಂದು ಮಾರ್ಮರ್ ತೋರಿಸಿದ. ಗ್ರೇಸನ್ ಕುಟುಂಬದಲ್ಲಿ ಉಳಿದಿದ್ದ ವೈದ್ಯಕೀಯ ದಾಖಲೆಗಳು ಅನಂತರ ಬೆಳಕಿಗೆ ಬಂದು, ೧೯೧೯ರ ಅಕ್ಟೋಬರ್‌ನ ಆಘಾತದ ತೀವ್ರತೆಯನ್ನು ಸಂದೇಹಕ್ಕೆಡೆಯಿಲ್ಲದಂತೆ ದೃಢಪಡಿಸಿದವು.