ಸಂಗದಿಂದ ಬಿಡುಗಡೆ: ಬಿಲ್ ವಿಲ್ಸನ್ ಅವರ ಜೀವನ



ಇನ್ನು ಕುಡಿಯುವುದಿಲ್ಲವೆಂದು ಲಿಂಗ ಮುಟ್ಟಿ ಆಣೆ ಮಾಡಿದವರು ವಾರ ಕಳೆಯುವಷ್ಟರಲ್ಲಿ ಮತ್ತೆ ಕುಡಿತಕ್ಕೆ ಮರಳಿದುದನ್ನು ನಾವು ಎಷ್ಟೋ ಮನೆಗಳಲ್ಲಿ ಕಂಡಿದ್ದೇವೆ. ಇಳಕಲ್ಲಿನ ಪೂಜ್ಯ ಡಾ. ಮಹಾಂತ ಶಿವಯೋಗಿಗಳು 1975ರಿಂದ ಊರೂರಿಗೆ ಜೋಳಿಗೆ ಹಿಡಿದು ನಡೆದು ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ನಾಡಿನಲ್ಲಿ ವ್ಯಸನಮುಕ್ತ ದಿನವಾಗಿದೆ. ಆದರೆ ಚಟವನ್ನು ಜೋಳಿಗೆಗೆ ಹಾಕಿ ಮನೆಗೆ ಮರಳಿದವನು ಮರುದಿನದ ಸಂಜೆಯನ್ನು ಯಾರೊಡನೆ ಕಳೆಯಬೇಕು? ದೂರದ ಅಮೆರಿಕದಲ್ಲಿ ಕುಡಿತದಿಂದಲೇ ನೊಂದ ಒಬ್ಬರ ಬಾಳು ಈ ಪ್ರಶ್ನೆಗೆ ಉತ್ತರ ಕೊಡುತ್ತದೆ.

ವಿಲಿಯಂ ವಿಲ್ಸನ್ ಜನಿಸಿದ್ದು 1895ರ ನವೆಂಬರ್ 26ರಂದು, ವರ್ಮಾಂಟ್ ರಾಜ್ಯದ ಈಸ್ಟ್ ಡಾರ್ಸೆಟ್ ಎಂಬ ಸಣ್ಣ ಊರಿನಲ್ಲಿ. ಎಳವೆಯಲ್ಲಿಯೇ ತಂದೆತಾಯಿಗಳು ದೂರವಾದುದರಿಂದ ತಾಯಿಯ ತವರಿನಲ್ಲಿ ಅಜ್ಜ-ಅಜ್ಜಿಯರ ಆಸರೆಯಲ್ಲಿ ಬೆಳೆದರು. ಮೊದಲ ಮಹಾಯುದ್ಧದ ಕಾಲದಲ್ಲಿ ಸೈನ್ಯಾಧಿಕಾರಿಯಾಗಿದ್ದಾಗ ಸಂಕೋಚ ಕಳೆಯಲೆಂದು ಮೊದಲ ಬಾರಿಗೆ ಮದ್ಯ ಸೇವಿಸಿದರು. 1918ರಲ್ಲಿ ಲೋಯಿಸ್ ಎಂಬುವರೊಡನೆ ವಿವಾಹವಾಯಿತು. ಮುಂದೆ ನ್ಯೂಯಾರ್ಕಿನ ಷೇರುಪೇಟೆಯಲ್ಲಿ ಹಣವನ್ನೂ ಹೆಸರನ್ನೂ ಗಳಿಸಿದರು. ಅದರೊಡನೆ ಕುಡಿತವೂ ಬೆಳೆಯಿತು. 1929ರಲ್ಲಿ ಷೇರುಪೇಟೆ ಕುಸಿದಾಗ ಗಳಿಕೆ ಹೋಯಿತು, ಕುಡಿತ ಮಾತ್ರ ಉಳಿಯಿತು. ಲೋಯಿಸ್ ಅಂಗಡಿಯೊಂದರಲ್ಲಿ ದುಡಿದು ಸಂಸಾರದ ಭಾರ ಹೊತ್ತರು. ಬಿಡುತ್ತೇನೆಂದು ಪತಿ ಕೊಟ್ಟ ಮಾತುಗಳಿಗೆ ಲೆಕ್ಕವೇ ಇರಲಿಲ್ಲ.

ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರೆಗೆ ಬಿಲ್ ನಾಲ್ಕು ಬಾರಿ ದಾಖಲಾದರು. ಅಲ್ಲಿನ ವೈದ್ಯ ಡಾ. ಸಿಲ್ಕ್‌ವರ್ತ್, ಇದು ಕೇವಲ ನಡತೆಯ ದೋಷವಲ್ಲ, ದೇಹ ಮತ್ತು ಮನಸ್ಸುಗಳೆರಡನ್ನೂ ಹಿಡಿದ ರೋಗ ಎಂದು ತಿಳಿಹೇಳಿದರು. 1934ರ ನವೆಂಬರಿನಲ್ಲಿ ಎಬ್ಬಿ ಎಂಬ ಹಳೆಯ ಗೆಳೆಯ ಮನೆಗೆ ಬಂದರು. ಹಿಂದೆ ಜೊತೆಗೂಡಿ ಕುಡಿಯುತ್ತಿದ್ದ ಆತ ಈಗ ಮದ್ಯವನ್ನು ನಿರಾಕರಿಸಿದರು. ತನ್ನ ಅರಿವಿಗೆ ಒಗ್ಗಿದ ದೇವರನ್ನು ನಂಬಿದರೆ ಸಾಕೆಂಬ ಆ ಗೆಳೆಯನ ಮಾತು ಬಿಲ್ ಅವರ ಮನಸ್ಸಿಗೆ ನಾಟಿತು. ಅದೇ ಡಿಸೆಂಬರಿನಲ್ಲಿ ಆಸ್ಪತ್ರೆಯ ಹಾಸಿಗೆಯ ಮೇಲೆ ಅವರಿಗೆ ಆಳವಾದ ಆಧ್ಯಾತ್ಮಿಕ ಅನುಭವವಾಯಿತು. ಅಂದಿನಿಂದ ಅವರು ಮದ್ಯವನ್ನು ಮುಟ್ಟಲಿಲ್ಲ.

ಮುಂದಿನ ತಿಂಗಳುಗಳಲ್ಲಿ ಅವರು ಅನೇಕ ಕುಡುಕರನ್ನು ಕಂಡು ಉಪದೇಶಿಸಿದರು. ಒಬ್ಬರೂ ಬಿಡಲಿಲ್ಲ. ನೊಂದ ಪತಿಗೆ ಲೋಯಿಸ್ ಒಂದು ಸತ್ಯವನ್ನು ತೋರಿದರು: ಈ ಯತ್ನದಲ್ಲಿ ಬಿಲ್ ಮಾತ್ರ ಕುಡಿಯದೆ ಉಳಿದಿದ್ದರು.

ಆ ಸತ್ಯದ ಪರೀಕ್ಷೆ 1935ರ ಮೇ ತಿಂಗಳಲ್ಲಿ ಒಹಾಯೋ ರಾಜ್ಯದ ಆಕ್ರನ್ ನಗರದಲ್ಲಿ ನಡೆಯಿತು. ವ್ಯವಹಾರ ಕೈಕೊಟ್ಟು, ಪರಊರಿನ ಹೋಟೆಲಿನಲ್ಲಿ ಬಿಲ್ ಒಂಟಿಯಾಗಿ ನಿಂತಿದ್ದರು. ಒಂದು ಬದಿಗೆ ಮದ್ಯದ ಕೋಣೆಯ ನಗುವಿನ ಸದ್ದು, ಇನ್ನೊಂದು ಬದಿಗೆ ಊರಿನ ಚರ್ಚುಗಳ ಪಟ್ಟಿ ಮತ್ತು ದೂರವಾಣಿ. ತನ್ನಂತೆಯೇ ನರಳುವ ಒಬ್ಬನೊಡನೆ ಮಾತಾಡದಿದ್ದರೆ ತಾನು ಉಳಿಯಲಾರೆನೆಂದು ಅರಿತ ಅವರು ಕರೆ ಮಾಡುತ್ತಾ ಹೋದರು. ಕೊನೆಗೆ ಹೆನ್ರಿಯೆಟ್ಟಾ ಸೈಬರ್ಲಿಂಗ್ ಎಂಬ ಮಹಿಳೆಯ ಮೂಲಕ ಶಸ್ತ್ರವೈದ್ಯ ಡಾ. ರಾಬರ್ಟ್ ಸ್ಮಿತ್ ಅವರ ಭೇಟಿಯಾಯಿತು. ಹದಿನೈದು ನಿಮಿಷಕ್ಕೆಂದು ಒಪ್ಪಿ ಬಂದ ಡಾಕ್ಟರು ಗಂಟೆಗಟ್ಟಲೆ ಕುಳಿತರು. ಬಿಲ್ ಅಂದು ಉಪದೇಶ ಮಾಡಲಿಲ್ಲ, ತಮ್ಮ ಸೋಲನ್ನು ಹೇಳಿಕೊಂಡರು. ಡಾಕ್ಟರು ಮತ್ತೊಮ್ಮೆ ಎಡವಿದರೂ ಎದ್ದರು. ಅವರು ಕೊನೆಯದಾಗಿ ಕುಡಿದ 1935ರ ಜೂನ್ 10ನ್ನೇ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಸಂಘದ ಹುಟ್ಟುದಿನವೆಂದು ಎಣಿಸುತ್ತಾರೆ.

1939ರಲ್ಲಿ ಹನ್ನೆರಡು ಮೆಟ್ಟಿಲುಗಳ ಸಾಧನೆಯನ್ನು ತಿಳಿಸುವ ಗ್ರಂಥ ಪ್ರಕಟವಾಯಿತು. 1951ರಲ್ಲಿ ಲೋಯಿಸ್, ಕುಡುಕರ ಮನೆಯವರಿಗಾಗಿ ಅಲ್-ಅನಾನ್ ಕೂಟವನ್ನು ಕಟ್ಟಿದರು. ಯೇಲ್ ವಿಶ್ವವಿದ್ಯಾಲಯ ನೀಡಬಂದ ಗೌರವ ಪದವಿಯನ್ನು ಬಿಲ್ ವಿನಯದಿಂದ ನಿರಾಕರಿಸಿದರು. ಆದರೆ ತಂಬಾಕಿನ ಚಟ ಅವರ ಶ್ವಾಸಕೋಶವನ್ನು ಕೆಡಿಸಿತು. 1971ರ ಜನವರಿ 24ರಂದು ತೀರಿಕೊಂಡಾಗ ಅವರು ಮದ್ಯ ಬಿಟ್ಟು ಮೂವತ್ತಾರು ವರ್ಷಗಳಾಗಿದ್ದವು.

ನಮ್ಮ ಶರಣರು ಬಲ್ಲ ಮಾತಿದು. ಅನುಭವ ಮಂಟಪದಲ್ಲಿ ನಾನಾ ಕಾಯಕದವರು ಸಮನಾಗಿ ಕುಳಿತು ತಮ್ಮ ಅನುಭವವನ್ನೇ ಹಂಚಿಕೊಂಡರು. ಹೆಂಡ ಮಾರುತ್ತಿದ್ದ ಮಾರಯ್ಯನಿಗೂ ಅಲ್ಲಿ ಎಡೆಯಿತ್ತು. ಆಣೆಯನ್ನು ಒಬ್ಬನೇ ಮಾಡಬಹುದು, ಅದನ್ನು ಉಳಿಸಿಕೊಳ್ಳಲು ಸಂಗ ಬೇಕು.

ಅಂತಹ ಸಂಗ ಇಂದು ಕರ್ನಾಟಕದಲ್ಲಿಯೂ ಇದೆ. ಎ.ಎ. ಸಭೆಗಳಿಗೆ ಶುಲ್ಕವಿಲ್ಲ, ಕುಡಿತ ಬಿಡಬೇಕೆಂಬ ಬಯಕೆಯೊಂದೇ ಅರ್ಹತೆ. ಪೂರ್ಣ ಹೆಸರನ್ನು ಹೇಳಬೇಕಾಗಿಲ್ಲ. ಸಮೀಪದ ಸಭೆ ಎಲ್ಲಿ ನಡೆಯುತ್ತದೆಂದು ವ್ಯಸನಮುಕ್ತಿ ಕೇಂದ್ರದಲ್ಲಿ ವಿಚಾರಿಸಿರಿ, ಇಲ್ಲವೇ ರಾಷ್ಟ್ರೀಯ ಸಹಾಯವಾಣಿ 14446ಕ್ಕೆ ಕರೆ ಮಾಡಿ ನೆರವು ಕೇಳಿರಿ. ಬಹುಕಾಲ ವಿಪರೀತ ಕುಡಿದವರು ಒಮ್ಮೆಲೇ ಬಿಟ್ಟರೆ ಪ್ರಾಣಾಪಾಯವಾಗಬಹುದು. ಅಂಥವರನ್ನು ಮೊದಲು ವೈದ್ಯರಲ್ಲಿಗೆ ಕರೆದೊಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗಳಲ್ಲಿ ಚಿಕಿತ್ಸೆ ಲಭ್ಯವಿದೆ.

ಎಡವಿದವನನ್ನು ಜರೆಯದಿರೋಣ. ಮೊದಲ ಸಭೆಯ ಬಾಗಿಲವರೆಗೆ ಅವನೊಡನೆ ನಡೆಯೋಣ.