ಮೀಟರ್ ಮುಳ್ಳು ನಿಂತ ಮೇಲೂ ಅಳೆದವರು

ರಸಾಯನಶಾಸ್ತ್ರದ ತರಗತಿಯಲ್ಲಿ ಅರ್ಧಾಯುಷ್ಯದ ಪಾಠ ಬಂದಾಗಲೆಲ್ಲ ನನಗೆ ನೆನಪಾಗುವುದು ವಲೇರಿ ಲೆಗಾಸೊವ್. 2019ರಲ್ಲಿ ಬಂದ ಚೆರ್ನೊಬಿಲ್ ಕಿರುಸರಣಿ ನೋಡಿದವರಿಗೆ ಈ ಹೆಸರು ಗೊತ್ತಿರುತ್ತದೆ. ಸರಣಿಯ ಕೊನೆಯಲ್ಲಿ ಅವರು ನ್ಯಾಯಾಲಯದಲ್ಲಿ ನಿಂತು ಸತ್ಯವನ್ನೆಲ್ಲ ಬಿಚ್ಚಿಡುತ್ತಾರೆ. ನಿಜ ಜೀವನದಲ್ಲಿ ಅವರು ಆ ವಿಚಾರಣೆಗೆ ಹೋಗಿರಲೇ ಇಲ್ಲ. ಆದರೂ ಅವರ ನಿಜವಾದ ಕಥೆಯೇ ನನಗೆ ಹೆಚ್ಚು ಹತ್ತಿರದ್ದು ಅನ್ನಿಸುತ್ತದೆ. ಅದರಲ್ಲಿ ಧೈರ್ಯವೂ ಇದೆ, ಅಳುಕೂ ಇದೆ.

ಲೆಗಾಸೊವ್ ಹುಟ್ಟಿದ್ದು 1936ರ ಸೆಪ್ಟೆಂಬರ್ 1ರಂದು, ರಷ್ಯಾದ ತೂಲಾ ನಗರದಲ್ಲಿ. ಮಾಸ್ಕೊದ ಮೆಂಡೆಲೀವ್ ಸಂಸ್ಥೆಯಲ್ಲಿ ಓದಿದರು. ಸೈಬೀರಿಯಾದ ಟೋಮ್ಸ್ಕ್ ಬಳಿಯ ಪರಮಾಣು ಕಾರ್ಖಾನೆಯಲ್ಲಿ ಕೆಲಸ ಮಾಡಿ, ಆಮೇಲೆ ಮಾಸ್ಕೊದ ಕುರ್ಚಾಟೊವ್ ಸಂಸ್ಥೆ ಸೇರಿದರು. ಯಾವುದರ ಜೊತೆಗೂ ಸುಲಭವಾಗಿ ಬೆರೆಯದ ಜಡಾನಿಲಗಳನ್ನು ಬೆರೆಯುವಂತೆ ಮಾಡಿ ಸಂಯುಕ್ತಗಳನ್ನು ತಯಾರಿಸುವುದು ಅವರ ಸಂಶೋಧನೆಯ ವಿಷಯ. 1981ರಲ್ಲಿ ಸೋವಿಯತ್ ವಿಜ್ಞಾನ ಅಕಾಡೆಮಿಯ ಪೂರ್ಣ ಸದಸ್ಯರಾದರು. ಕುರ್ಚಾಟೊವ್ ಸಂಸ್ಥೆಯಲ್ಲಿ ನಿರ್ದೇಶಕರ ನಂತರದ ಸ್ಥಾನಕ್ಕೂ ಏರಿದರು. ಆದರೆ ಅವರು ರಿಯಾಕ್ಟರ್ ವಿನ್ಯಾಸಕರಲ್ಲ, ರಸಾಯನ ವಿಜ್ಞಾನಿ.

1986ರ ಏಪ್ರಿಲ್ 26, ಶನಿವಾರ. ನಸುಕಿನ 1 ಗಂಟೆ 23 ನಿಮಿಷಕ್ಕೆ ಚೆರ್ನೊಬಿಲ್ ಸ್ಥಾವರದ 4ನೇ ರಿಯಾಕ್ಟರ್ ಸ್ಫೋಟಿಸಿತು. ಅಲ್ಲಿ ಮೊದಲ ಗಂಟೆಗಳಲ್ಲಿ ನಡೆದದ್ದನ್ನು ಓದಿದಾಗ ಮೈ ಜುಮ್ಮೆನ್ನುತ್ತದೆ. ಸಿಬ್ಬಂದಿಯ ಕೈಯಲ್ಲಿದ್ದ ಮಾಪಕಗಳು ಗಂಟೆಗೆ 3.6 ರಾಂಟ್ಜೆನ್‌ಗಿಂತ ಹೆಚ್ಚಿನ ವಿಕಿರಣವನ್ನು ತೋರಿಸಲಾರದವು. ಮುಳ್ಳು ಕೊನೆಯ ಗೆರೆಗೆ ಬಂದು ನಿಂತಿತು. ಅದು ಮಾಪಕದ ಮಿತಿ, ವಿಕಿರಣದ ಮಿತಿಯಲ್ಲ. ಆದರೂ ಸುಮಾರಾಗಿ ಅದೇ ಅಂಕಿ ವರದಿಯಾಗಿ ಮೇಲಧಿಕಾರಿಗಳ ತನಕ ಹೋಯಿತು. ಎಲ್ಲರಿಗೂ ಅದೇ ಅಂಕಿ ಬೇಕಿತ್ತು. ಅದನ್ನು ನಂಬಿದರೆ ಯಾರೂ ಕಠಿಣ ನಿರ್ಧಾರ ತೆಗೆದುಕೊಳ್ಳಬೇಕಿರಲಿಲ್ಲ.

ಅದೇ ದಿನ ಸರ್ಕಾರ ಆಯೋಗವೊಂದನ್ನು ರಚಿಸಿತು. ಬೋರಿಸ್ ಶೆರ್ಬಿನಾ ಅದರ ಅಧ್ಯಕ್ಷರು, ಲೆಗಾಸೊವ್ ಸದಸ್ಯರು. ಸಂಜೆ ಪ್ರಿಪ್ಯಾಟ್ ಕಡೆ ಕಾರಿನಲ್ಲಿ ಹೋಗುತ್ತಿದ್ದಾಗ, ಇನ್ನೂ ಕಿಲೋಮೀಟರ್‌ಗಟ್ಟಲೆ ದೂರವಿರುವಾಗಲೇ ಆಕಾಶ ಕೆಂಪಾಗಿದ್ದುದು ಅವರ ಕಣ್ಣಿಗೆ ಬಿತ್ತು. ಅಣುಸ್ಥಾವರದ ಮೇಲೆ ಅಂಥ ಬೆಳಕು ಇರಬಾರದು ಎಂಬುದು ಅವರಿಗೆ ಗೊತ್ತಿತ್ತು.

ಸ್ಥಾವರದಿಂದ ಪ್ರಿಪ್ಯಾಟ್‌ಗೆ ಸುಮಾರು 3 ಕಿಲೋಮೀಟರ್. ಅಲ್ಲಿ 49,000ದಷ್ಟು ಜನ. ಆ ಹೊತ್ತಿನ ಅಳತೆಯನ್ನು ನಿಯಮಪುಸ್ತಕದ ಮಿತಿಯ ಪಕ್ಕ ಇಟ್ಟು ನೋಡಿದರೆ ಊರು ಖಾಲಿ ಮಾಡಿಸುವ ಅಗತ್ಯ ಕಾಣುತ್ತಿರಲಿಲ್ಲ. ವಿಜ್ಞಾನಿಗಳು ನೋಡಿದ್ದು ಇಂದಿನ ಅಂಕಿಯನ್ನಲ್ಲ, ನಾಳೆ ಅದು ಏರುವ ಸಾಧ್ಯತೆಯನ್ನು. ರಾತ್ರಿಯೇ ಶೆರ್ಬಿನಾ ತೆರವಿಗೆ ಒಪ್ಪಿದರು. ಮರುದಿನ ಮಧ್ಯಾಹ್ನ 2 ಗಂಟೆಗೆ ಸಾವಿರಕ್ಕೂ ಹೆಚ್ಚು ಬಸ್ಸುಗಳು ಜನರನ್ನು ಹತ್ತಿಸಿಕೊಂಡವು. ಮೂರು ದಿನದ ಮಟ್ಟಿಗೆ ಎಂದು ಹೇಳಿ ಕರೆದೊಯ್ದವರು ಮತ್ತೆ ಆ ಊರಿನಲ್ಲಿ ನೆಲೆಸಲೇ ಇಲ್ಲ. ಇನ್ನಷ್ಟು ಬೇಗ ಹೊರಡಿಸಬೇಕಿತ್ತು ಎಂದು ಇಂದು ನಾವು ಸುಲಭವಾಗಿ ಹೇಳಬಹುದು. ಆದರೆ ನಿಯಮಪುಸ್ತಕ ಇನ್ನೂ ಸಮಯವಿದೆ ಎನ್ನುತ್ತಿರುವಾಗ ಒಂದು ಊರನ್ನೇ ಎಬ್ಬಿಸುವ ಜವಾಬ್ದಾರಿ ಹೊರುವುದು ಸಣ್ಣ ಮಾತಲ್ಲ.

ಇನ್ನೊಂದು ದೊಡ್ಡ ಪ್ರಶ್ನೆ ಉಳಿದಿತ್ತು. ಒಡೆದ ರಿಯಾಕ್ಟರ್ ಒಳಗೆ ಸರಪಳಿ ಕ್ರಿಯೆ ನಿಂತಿದೆಯೋ, ಇನ್ನೂ ನಡೆಯುತ್ತಿದೆಯೋ? ಲೆಗಾಸೊವ್ ಸೇನೆಯ ಕವಚವಾಹನದಲ್ಲಿ ಕುಳಿತು ರಿಯಾಕ್ಟರ್ ಹತ್ತಿರಕ್ಕೇ ಹೋದರು. ನ್ಯೂಟ್ರಾನ್ ಅಳೆಯುವ ಉಪಕರಣವೂ ಅಲ್ಲಿನ ಗಾಮಾ ವಿಕಿರಣದಲ್ಲಿ ನಂಬುವಂತಿರಲಿಲ್ಲ. ಆಗ ನೆರವಿಗೆ ಬಂದದ್ದು ರಸಾಯನಶಾಸ್ತ್ರ. ಯುರೇನಿಯಂ ಒಡೆದಾಗ ಅಯೋಡಿನ್-131 ಮತ್ತು ಅಯೋಡಿನ್-134 ಎರಡೂ ಹುಟ್ಟುತ್ತವೆ. ಮೊದಲನೆಯದರ ಅರ್ಧಾಯುಷ್ಯ 8 ದಿನ, ಎರಡನೆಯದರದ್ದು ಒಂದು ಗಂಟೆಗೂ ಕಡಿಮೆ. ರಿಯಾಕ್ಟರ್ ಇನ್ನೂ ಉರಿಯುತ್ತಿದ್ದರೆ 134 ಹೊಸದಾಗಿ ಹುಟ್ಟುತ್ತಲೇ ಇರಬೇಕು. ನಿಂತಿದ್ದರೆ ಬೇಗ ಮಾಯವಾಗಬೇಕು. ಇವೆರಡರ ಪ್ರಮಾಣ ಹೋಲಿಸಿ ನೋಡಿದಾಗ ಸರಪಳಿ ಕ್ರಿಯೆ ನಿಂತಿರುವುದು ಖಚಿತವಾಯಿತು. ನಾವು ಪರೀಕ್ಷೆಗೆಂದು ಬಾಯಿಪಾಠ ಮಾಡುವ ಸೂತ್ರವೊಂದು ಅಂದು ದೇಶವೊಂದರ ನಿರ್ಧಾರಕ್ಕೆ ಆಧಾರವಾಯಿತು.

ಹೆಲಿಕಾಪ್ಟರ್‌ಗಳಿಂದ ಸುಮಾರು 5,000 ಟನ್ ಮರಳು, ಜೇಡಿ, ಸೀಸ, ಡೊಲೊಮೈಟ್ ಮತ್ತು ಬೋರಾನ್ ಸಂಯುಕ್ತಗಳನ್ನು ಸುರಿಯುವ ಯೋಜನೆಯಲ್ಲೂ ಲೆಗಾಸೊವ್ ಮುಂದಿದ್ದರು. ಅದರಲ್ಲಿ ಬಹುಪಾಲು ಗುರಿ ತಪ್ಪಿತ್ತು ಎಂದು ಮುಂದೆ ತಿಳಿದುಬಂತು. ಬಿಕ್ಕಟ್ಟಿನ ನಾಯಕತ್ವ ಎಂದರೆ ಎಲ್ಲ ನಿರ್ಧಾರವೂ ಸರಿಯಾಗುವುದು ಎಂದು ನಾನು ನಂಬುವುದಿಲ್ಲ. ಕೈಯಲ್ಲಿರುವ ಮಾಹಿತಿಯಿಂದ ನಿರ್ಧಾರ ಮಾಡಬೇಕು, ಆ ಮಾಹಿತಿ ನಿಜವೇ ಎಂದು ಮತ್ತೆ ಮತ್ತೆ ಕೇಳುತ್ತಲೂ ಇರಬೇಕು.

1986ರ ಆಗಸ್ಟ್‌ನಲ್ಲಿ ವಿಯೆನ್ನಾದಲ್ಲಿ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಸಭೆ. ಲೆಗಾಸೊವ್ ಐದು ತಾಸು ವಿವರಿಸಿದರು. ಸೋವಿಯತ್ ದೇಶದಿಂದ ಅಷ್ಟು ಮುಕ್ತ ಮಾತನ್ನು ನಿರೀಕ್ಷಿಸದ ವಿಜ್ಞಾನಿಗಳು ಬೆರಗಾದರು. ಆದರೆ ಆ ವರದಿ ತಪ್ಪಿನ ಹೊರೆಯನ್ನು ಹೆಚ್ಚಾಗಿ ಹೊರಿಸಿದ್ದು ನಿರ್ವಾಹಕರ ಮೇಲೆ. ರಿಯಾಕ್ಟರ್ ವಿನ್ಯಾಸದಲ್ಲೇ ದೋಷವಿತ್ತು. ಅದನ್ನು ನಿಲ್ಲಿಸಲೆಂದೇ ಇಳಿಬಿಡುವ ಸಲಾಕೆಗಳಿಗೆ ಗ್ರಾಫೈಟ್ ಭಾಗಗಳಿದ್ದವು. ಕೆಲವು ಸ್ಥಿತಿಗಳಲ್ಲಿ ಅವು ಮೊದಲ ಕ್ಷಣಗಳಲ್ಲಿ ಶಕ್ತಿಯನ್ನು ತಗ್ಗಿಸುವ ಬದಲು ಏರಿಸುತ್ತಿದ್ದವು. ಅದೇ ಸಂಸ್ಥೆಯ ತಜ್ಞರ ಗುಂಪು 1992ರಲ್ಲಿ ತನ್ನ ಹಳೆಯ ವರದಿಯನ್ನು ಪರಿಷ್ಕರಿಸಿ ವಿನ್ಯಾಸದ ದೋಷಗಳಿಗೆ ಹೆಚ್ಚಿನ ಒತ್ತು ಕೊಟ್ಟಿತು. ಈ ಅಧ್ಯಾಯ ಓದುವಾಗ ನನಗೆ ಬೇಸರವಾಗುತ್ತದೆ. ಅಯೋಡಿನ್ ಅಳೆದು ಸತ್ಯ ಹುಡುಕಿದ ವಿಜ್ಞಾನಿಗೂ ಅಷ್ಟನ್ನೇ ಹೇಳಲು ಸಾಧ್ಯವಾಯಿತು.

ಹೇಳಿದಷ್ಟಕ್ಕೂ ಬೆಲೆ ತೆರಬೇಕಾಯಿತು. ಸ್ವಂತ ಸಂಸ್ಥೆಯಲ್ಲೇ ಸಹೋದ್ಯೋಗಿಗಳು ಮತದಾನದಲ್ಲಿ ಅವರನ್ನು ಸೋಲಿಸಿದರು. ದೇಶದ ಅತ್ಯುನ್ನತ ಗೌರವ ಕೈತಪ್ಪಿತು. ಆರೋಗ್ಯ ಕುಸಿಯಿತು. ಸುರಕ್ಷತೆಯ ಬಗ್ಗೆ ಅವರು ಮುಂದಿಟ್ಟ ಯೋಚನೆಗಳಿಗೆ ಬೆಂಬಲ ಸಿಗಲಿಲ್ಲ. ತಮ್ಮ ನೆನಪುಗಳನ್ನು ಟೇಪ್‌ಗಳಲ್ಲಿ ದಾಖಲಿಸಿಟ್ಟರು. ದುರಂತಕ್ಕೆ ಎರಡು ವರ್ಷ ತುಂಬಿದ ಮರುದಿನ, 1988ರ ಏಪ್ರಿಲ್ 27ರಂದು, 51ನೇ ವಯಸ್ಸಿನಲ್ಲಿ ತಮ್ಮ ಜೀವ ತಾವೇ ಕಳೆದುಕೊಂಡರು. ಮುಂದಿನ ತಿಂಗಳು ಪ್ರಾವ್ದಾ ಪತ್ರಿಕೆ ಅವರ ಬರಹವನ್ನು ಪ್ರಕಟಿಸಿತು. 1996ರಲ್ಲಿ ರಷ್ಯಾ ಅವರಿಗೆ ಮರಣೋತ್ತರವಾಗಿ ಹೀರೋ ಗೌರವ ನೀಡಿತು.

ನನ್ನ ಓರಗೆಯವರು ಹಲವರು ನಾಳೆ ಕಾರ್ಖಾನೆ, ಆಸ್ಪತ್ರೆ, ಸೇತುವೆ, ಸಾಫ್ಟ್‌ವೇರ್ ಎಂದು ಬೇರೆ ಬೇರೆ ಕಡೆ ಕೆಲಸಕ್ಕೆ ಸೇರುತ್ತೇವೆ. ಮೀಟರ್ ಮುಳ್ಳು ತುದಿಗೆ ಬಂದು ನಿಂತಾಗ ಅಲ್ಲಿಗೇ ಬರೆದು ಮೇಲಕ್ಕೆ ಕಳಿಸುವವರು ಎಲ್ಲ ಕಚೇರಿಯಲ್ಲೂ ಇರುತ್ತಾರೆ. ಇದು ಮಾಪಕದ ಮಿತಿ, ಬೇರೆ ದಾರಿಯಿಂದ ಅಳೆಯೋಣ ಎನ್ನುವವರು ಒಬ್ಬರಾದರೂ ಇರಬೇಕು. ಅವರನ್ನು ಒಂಟಿ ಮಾಡದೆ, ಪಕ್ಕದಲ್ಲಿ ನಿಲ್ಲುವ ನಾಲ್ಕು ಜನರೂ ಇರಬೇಕು. ಲೆಗಾಸೊವ್ ಅವರಿಗೆ ಆ ನಾಲ್ಕು ಜನ ಸಿಕ್ಕಿದ್ದರೆ ವಿಯೆನ್ನಾದಲ್ಲಿ ಸಲಾಕೆಗಳ ಮಾತೂ ಬರುತ್ತಿತ್ತೇನೋ.